ಕುಸ್ತೋದಿಯಾ ಅಜ್ಜಿಯ ಗೋಡೆ

ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದವಳು ನಾನೇ. ಮೇಲೆ ಹಾಸಿದ್ದ ಹಳೆಯ ಪತ್ರಿಕೆಯನ್ನು ಎತ್ತಿದೆ. ಕೆಳಗೆ ಟೈಲ್ಸ್ ಇರಲಿಲ್ಲ. ಚೂರುಗಳಿದ್ದವು.

ಎರಡನೆಯ ಪೆಟ್ಟಿಗೆ — ಚೂರು. ಮೂರನೆಯದು — ಅದೂ ಚೂರು. ಕೊನೆಯದರ ಮುಚ್ಚಳ ಕಿತ್ತು ಗೋಡೆಗೆ ಎಸೆದೆ. ದುಃಖಕ್ಕಲ್ಲ, ಸಿಟ್ಟಿಗೆ. ಬೆಕ್ಕಿನ ಬಾಲ ಒಂದು ಕಡೆ, ದೋಣಿಯ ಹಾಯಿ ಇನ್ನೊಂದು ಕಡೆ. ಮೀನು ತುಂಬಿದ ಬುಟ್ಟಿಯ ಅರ್ಧ. ಕುಂಟ ಪಾದ್ರಿಯ ಟೋಪಿ. ಯಾರೋ ಸುತ್ತಿಗೆ ಹಿಡಿದು, ಒಂದನ್ನೂ ಬಿಡದೆ ಕುಟ್ಟಿ ಹಾಕಿದ್ದರು.

ಅವು ನಮ್ಮಜ್ಜಿ ಕುಸ್ತೋದಿಯಾಳ ಟೈಲ್ಸ್. ಅಜ್ಜಿ ಟೈಲ್ಸ್ ಕಾರ್ಖಾನೆಯಲ್ಲಿ ಬಣ್ಣ ಬರೆಯುತ್ತಿದ್ದವಳು. ಸೊಟ್ಟಗಿವೆ ಎಂದು ಕಾರ್ಖಾನೆ ಬಿಸಾಕಿದ್ದನ್ನೆಲ್ಲ ಮನೆಗೆ ತಂದು, ಒಂದೊಂದರ ಮೇಲೂ ನೀಲಿಯಲ್ಲಿ ಒಂದೊಂದು ಚಿತ್ರ ಬರೆದು, ಭಟ್ಟಿಯವನಿಗೆ ಕೈಮುಗಿದು ಸುಡಿಸಿ, ತನ್ನ ಅಡುಗೆಮನೆಯ ಗೋಡೆಗೆ ಹಾಕಿಸಿದ್ದಳು. ನಮ್ಮ ಒವಾರ್ ಊರಿನಲ್ಲಿ ಮನೆ ಮನೆಯ ಮುಂಭಾಗಕ್ಕೂ ಟೈಲ್ಸ್ ಇದೆ. ಆದರೆ ಅಕ್ಕಪಕ್ಕದವರ ಜಗಳ, ಹಾವುಮೀನು, ಕುಂಟ ಪಾದ್ರಿ ಎಲ್ಲರೂ ಒಟ್ಟಿಗೆ ಇದ್ದ ಗೋಡೆ ಅದೊಂದೇ.

"ಮುಟ್ಬೇಡಿ, ಯಾರೂ ಮುಟ್ಬೇಡಿ" ಎಂದಳು ನಮ್ಮಕ್ಕ ಒತೀಲಿಯಾ, ಬಾಗಿಲಲ್ಲಿ ನಿಂತು. "ಪೊಲೀಸ್ರು ಬಂದು ನೋಡ್ಲಿ. ಇದು ಅವನದೇ ಕೆಲಸ. ಒಡೆದು ಹಾಕ್ತೀನಿ ಅಂತ ನಿನ್ನೆ ಇಡೀ ಬೀದಿಗೆ ಕೇಳೋ ಹಾಗೆ ಹೇಳಿ ಹೋದ್ನಲ್ಲ."

ಅವನು ಎಂದರೆ ಜೆಫೆರೀನೊ, ಟೈಲ್ಸ್ ಮೇಸ್ತ್ರಿ. ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತಿದ್ದವಳು ನಾನು. ನಾನು ಅವನ ಜ್ಞಾನತಾಯಿ, ಅವನನ್ನು ಈ ಕೆಲಸಕ್ಕೆ ಕರೆತಂದವಳೂ ನಾನೇ. ಕೈ ಬಂಗಾರ, ಬಾಯಿ ಬೆಂಕಿ. ಹಿಂದೊಮ್ಮೆ ಮೋಸ ಮಾಡಿದ ಕಂಟ್ರಾಕ್ಟರನ ವ್ಯಾನಿನ ಗಾಜು ಒಡೆದು ಕೋರ್ಟು ಹತ್ತಿದ್ದ. ನ್ಯಾಯಾಧೀಶರು ಶಿಕ್ಷೆ ಬರೆದು, ತಡೆಹಿಡಿದು, ಇನ್ನೊಂದು ದೂರು ಬಂದರೆ ನೇರ ಜೈಲಿಗೆ ಎಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಹೆಂಡತಿ ಜಸಿಂತಾ, ಮೊಲೆ ಬಿಡದ ಮಗು. ಒತೀಲಿಯಾ ದೂರಿಗೆ ಸಹಿ ಹಾಕಿದರೆ ಅವನ ಕಥೆ ಮುಗಿದ ಹಾಗೆ.

ಒತೀಲಿಯಾ ಆಗಲೇ ಠಾಣೆಗೆ ಫೋನು ಮಾಡಿದ್ದಳು. ಅಂದು ಕಾರ್ನಿವಲ್ ಶನಿವಾರ, ಪೊಲೀಸರೆಲ್ಲ ಮೆರವಣಿಗೆಯ ಬೀದಿಯಲ್ಲಿ. ಊಟವಾದ ಮೇಲೆ ಒಬ್ಬರನ್ನು ಕಳಿಸುತ್ತೇವೆ ಎಂದರಂತೆ. ಅಷ್ಟಕ್ಕೇ ಸುಮ್ಮನಿದ್ದಳೇ? ಬ್ರೆಡ್ ತರುವ ನೆಪದಲ್ಲಿ ಬೇಕರಿಗೆ ಹೋಗಿ ಅಲ್ಲಿಯೂ ಸಾರಿ ಬಂದಳು.

ನಾನು ನನ್ನ ಗಂಡ ಅಬೀಲಿಯೊಗೆ ಫೋನು ಮಾಡಿದೆ. ಪೋರ್ತು ನಗರದ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಮನೆ ಉರಿಯುತ್ತಿದೆ ಎಂದರೂ ಶೂ ಲೇಸು ಕಟ್ಟಿಕೊಂಡೇ ಏಳುವ ಜನ.

"ಬೇಗ ಬಾ" ಎಂದೆ.

"ಏನಾಯ್ತು ಮೆನಾ?"

"ಅಜ್ಜಿ ಟೈಲ್ಸ್ ಪುಡಿ ಮಾಡಿದ್ದಾರೆ. ನಮ್ಮ ಜೆಫೆರೀನೊನ ಜೈಲಿಗೆ ಕಳಿಸ್ತಾಳಂತೆ ನಮ್ಮಕ್ಕ."

"ಅವನು ಒಡೆದ್ನಾ?"

ಇಪ್ಪತ್ತು ವರ್ಷ ಮಾರುಕಟ್ಟೆಯಲ್ಲಿ ಮೀನು ಮಾರಿದ ನನಗೆ ಮಾತು ಸಿಗದೆ ಹೋಗುವುದು ಅಪರೂಪ. ಫೋನು ಇಟ್ಟೆ.

ಅಬೀಲಿಯೊ ಬರುವುದರೊಳಗೆ ಹಿಂದಿನ ಕಥೆ ಹೇಳಿಬಿಡುತ್ತೇನೆ. ಅಜ್ಜಿಯ ಮನೆ ಅಕ್ಕನಿಗೆ ಬಂತು. ಗೋಡೆ ಮಾತ್ರ ಇಬ್ಬರದೂ ಎಂದು ಅಜ್ಜಿ ಸಾಯುವ ಮುಂಚೆ ಹೇಳಿದ್ದಳು. ಒತೀಲಿಯಾ ತಾನು ಅದನ್ನು ಕೇಳಿಸಿಕೊಂಡೇ ಇಲ್ಲ ಎಂದು ವರ್ಷಾನುಗಟ್ಟಲೆ ವಾದಿಸಿದಳು. ಕೊನೆಗೆ ಅಡುಗೆಮನೆಯ ಗೋಡೆ ತೇವ ಕುಡಿದು ಬಿರುಕು ಬಿಟ್ಟಿತು. ಕೆಡವಲೇಬೇಕಾಯಿತು. ಆಗ ಪಾದ್ರಿಗಳ ಎದುರು ಒಪ್ಪಿಕೊಂಡಳು: ಅರ್ಧ ಟೈಲ್ಸ್ ಅವಳ ಹೊಸ ಬಚ್ಚಲುಮನೆಗೆ, ಅರ್ಧ ನಮ್ಮ ಬಚ್ಚಲುಮನೆಗೆ. ಎರಡೂ ಹಳೆಯ ಕಾಲದ ರೀತಿಯಲ್ಲೇ ಆಗಬೇಕು. ಭುಜದೆತ್ತರಕ್ಕೆ ಟೈಲ್ಸ್, ಅದರ ಮೇಲೆ ಸುಣ್ಣ.

ಆಮೇಲೆ ಶುರುವಾಯಿತು ಅಂಗಡಿ ಸುತ್ತಾಟ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನೆಲಕ್ಕೆ ಹೂಬಳ್ಳಿಯ ಸಿಮೆಂಟ್ ಟೈಲ್ಸ್ ಬೇಕೆಂದಳು, ತಂದ ಮೇಲೆ ಬಳ್ಳಿ ದಪ್ಪವಾಯಿತೆಂದಳು. ಹೊಳೆಯುವ ಹಿತ್ತಾಳೆ ನಲ್ಲಿ ಬೇಕೆಂದಳು, ನಾನು ಹೊಳಪಿಲ್ಲದ್ದನ್ನು ಆರಿಸಿದ್ದು ನೋಡಿ ಅವಳೂ ಅದಕ್ಕೇ ಬದಲಾಯಿಸಿದಳು. ಕಾಲಿರುವ ಕಬ್ಬಿಣದ ತೊಟ್ಟಿಯ ಪಾದ ಸಿಂಹದ್ದೋ ಹದ್ದಿನದ್ದೋ ಎಂದು ಒಂದು ಇಡೀ ಮಧ್ಯಾಹ್ನ ಜಗಳ. ಟೈಲ್ಸಿನ ಸಂದಿಗೆ ಬಿಳಿ ತುಂಬಬೇಕೋ ಬೂದು ತುಂಬಬೇಕೋ ಎಂಬುದರಲ್ಲಿ ಮಾತೇ ಬಿಟ್ಟೆವು. ಅಂಗಡಿಯಲ್ಲಿ ಕೈಯಿಂದ ಬರೆದುಕೊಡುವ ಒಬ್ಬ ಚಿತ್ರಗಾರನಿದ್ದ. ಹಳೆಯದರಲ್ಲಿ ನಾಲ್ಕಾರು ಒಡೆದರೆ ಫೋಟೋ ನೋಡಿ ಅಂಥದ್ದೇ ಬರೆದುಕೊಡುತ್ತಾನೆ ಎಂದ ಅಂಗಡಿಯವನು. "ನಕಲಿ ನಮ್ಮ ಮನೆಗೆ ಬೇಡಪ್ಪ" ಎಂದು ಮೂಗು ಮುರಿದಳು ಒತೀಲಿಯಾ. ಆ ಒಂದು ಮಾತಿಗೆ ಮಾತ್ರ ನಾನೂ ತಲೆದೂಗಿದ್ದೆ.

ಜೆಫೆರೀನೊ ಟೈಲುಗಳನ್ನು ಗೋಡೆಯಿಂದ ಬಿಡಿಸಿ, ನೆನೆಹಾಕಿ, ಹಿಂಬದಿಯ ಸುಣ್ಣ ಕೆರೆದು, ಒಣಗಿಸಿ ಪೆಟ್ಟಿಗೆಗಳಲ್ಲಿ ಜೋಡಿಸಿದ್ದ. ಈ ಶನಿವಾರ ಪಾಲು ಮಾಡುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ಅವನಿಗೂ ಆರ್ಕಿಟೆಕ್ಟ್ ಪಿಮೆಂತಾಗೂ ಹತ್ತಿಕೊಂಡಿತು. ಪಿಮೆಂತಾ ಗೋಡೆಗೆ ಹಲಗೆ ಹೊಡೆದು ಟೈಲ್ಸ್ ಅಂಟಿಸು ಎಂದ. ಸುಣ್ಣದ ಗಾರೆಯೇ ಆಗಬೇಕು ಎಂದ ಜೆಫೆರೀನೊ. ಒತೀಲಿಯಾ ಆರ್ಕಿಟೆಕ್ಟ್ ಕಡೆ ನಿಂತಳು. "ಗೋಂದಲ್ಲಿ ಅಂಟಿಸೋದಕ್ಕಿಂತ ಒಡೆದು ಹಾಕೋದು ಮೇಲು" ಎಂದು ಕೂಗಿ ಕರಣೆ ಬಿಸಾಕಿ ಹೋಗಿದ್ದ ನಮ್ಮ ಮಹಾಶಯ.

ಅಬೀಲಿಯೊ ಬಂದ. ಪೆಟ್ಟಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಒಂದೊಂದೇ ಚೂರನ್ನು ಎತ್ತಿ ನೋಡಿ ಮತ್ತೆ ಇಟ್ಟ. ಕೊನೆಯ ಪೆಟ್ಟಿಗೆಯ ತಳದವರೆಗೂ ಕೈ ಹಾಕಿದ.

"ಮುಟ್ಬೇಡಿ ಅಂದೆ" ಎಂದಳು ಒತೀಲಿಯಾ.

"ನಾನೂ ಪೊಲೀಸನೇ ಅತ್ತಿಗೆ, ಹಳೇ ಸರಕು ಅಷ್ಟೆ. ಈ ಕೋಣೆ ಬೀಗದ ಕೈ ಎಲ್ಲಿರುತ್ತೆ?"

"ಮೀಟರ್ ಡಬ್ಬಿ ಒಳಗೆ. ಎಲ್ಲರಿಗೂ ಗೊತ್ತು. ಅವನಿಗೂ."

"ನಿನ್ನೆ ಸಂಜೆ ಏನೂ ಸದ್ದು ಕೇಳ್ಲಿಲ್ವಾ?"

"ಕಾರ್ನಿವಲ್ ತಾಲೀಮು. ಬೀದಿ ತುಂಬ ಡೋಲು. ಮನೆ ಬಿದ್ರೂ ಕೇಳ್ತಿರ್ಲಿಲ್ಲ."

ಅಬೀಲಿಯೊ ಮೊದಲು ಪಿಮೆಂತಾನನ್ನು ಹಿಡಿದ. ಒತೀಲಿಯಾ ಅವನನ್ನು ಸಾಕ್ಷಿಗೆಂದು ಕರೆಸಿದ್ದಳು. ಮಿರಿಮಿರಿ ಶೂ, ಕುತ್ತಿಗೆಗೆ ರೇಷ್ಮೆ ವಸ್ತ್ರ.

"ಆರ್ಕಿಟೆಕ್ಟ್ ಸಾಹೇಬ್ರೇ, ಈ ಟೈಲ್ಸ್ ಕಂಡ್ರೆ ನಿಮಗೆ ಆಗ್ತಿರ್ಲಿಲ್ಲ ಅಂತಾರೆ?"

"ಬೂದು ಬಣ್ಣದ ದೊಡ್ಡ ಟೈಲ್ಸ್ ಹಾಕಿ ಅಂದೆ. ಬೇಡ ಅಂದ್ರು. ಅದಕ್ಕೆ ಸುತ್ತಿಗೆ ಹಿಡಿಯೋನಲ್ಲ ನಾನು."

"ನೀವು ಮೊದಲ ಸಲ ಬಂದಾಗ ಅಡುಗೆಮನೆ ಹೇಗಿತ್ತು?"

"ಖಾಲಿ. ಒಂದು ಚಮಚ ಕೂಡ ಇರ್ಲಿಲ್ಲ. ಬರೀ ಗೋಡೆ. ಅಳತೆ ತಗೊಂಡೆ, ಫೋಟೋ ತಗೊಂಡೆ."

"ಫೋಟೋ ತೋರಿಸ್ತೀರಾ?"

ಪಿಮೆಂತಾ ಮೊಬೈಲು ಕೊಟ್ಟ. ಅಬೀಲಿಯೊ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಮೊದಲು ಒಲೆ ಇದ್ದ ಜಾಗದ ಪಕ್ಕಕ್ಕೆ ಸರಿಸಿ, ಸುಮಾರು ಹೊತ್ತು ನೋಡಿದ. ನನಗೋ ಹೊತ್ತು ಹೋಗುತ್ತಿದೆ ಎಂಬ ಕಳವಳ. ಬೀದಿಯ ಕೊನೆಯಲ್ಲಿ ಆಗಲೇ ಡೋಲು ಶುರುವಾಗಿತ್ತು.

"ಬಚ್ಚಲುಮನೆಗೆ ಯಾವ ಟೈಲ್ಸ್ ಚೆಂದ ಅಂತ ಆಮೇಲೆ ನೋಡ್ಕೊಳ್ಳೋಣ" ಎಂದೆ. "ಹುಡುಗನ್ನ ಕರ್ಕೊಂಡು ಹೋಗೋಕೆ ಬರ್ತಾರೆ."

"ಬರ್ಲಿ" ಎಂದ ಅಬೀಲಿಯೊ. ಅವನ ಸಮಾಧಾನಕ್ಕೆ ಬೆಂಕಿ ಬೀಳ.

ಒತೀಲಿಯಾಳ ಗಂಡ ಔರೇಲಿಯೊ, ನನ್ನ ಭಾವ, ತಾತ್ಕಾಲಿಕವಾಗಿ ಹಜಾರದಲ್ಲಿ ಇಟ್ಟಿದ್ದ ಒಲೆಯ ಮುಂದೆ ಉಪ್ಪುಮೀನಿಗೆ ಆಲೂಗಡ್ಡೆ ಸುಲಿಯುತ್ತಿದ್ದ. ಆ ಮನೆಯಲ್ಲಿ ಅಡುಗೆ ಯಾವಾಗಲೂ ಅವನದೇ. ಒತೀಲಿಯಾ ಪುರಸಭೆಯ ಕಚೇರಿಯಲ್ಲಿ ಸೇರಿಕೊಂಡ ದಿನದಿಂದ ಒಲೆಯ ಹತ್ತಿರ ಸುಳಿದವಳಲ್ಲ.

"ನಿನ್ನೆ ಸಂಜೆ ಎಲ್ಲಿದ್ದೆ ಔರೇಲಿಯೊ?"

"ತಾಲೀಮಿನಲ್ಲಿ. ದೊಡ್ಡ ಡೋಲು ನನ್ನದೇ. ಇಡೀ ತಂಡ ಸಾಕ್ಷಿ ಇದೆ. ಬೆನ್ನು ನೋಡು, ಇನ್ನೂ ಬಿಡ್ತಿಲ್ಲ."

"ಒಲೆ ಪಕ್ಕ ಗೋಡೆಗೆ ಒಂದು ಮೊಳೆ ಇತ್ತಲ್ಲ?"

"ಉಪ್ಪು ಹಾಕಿಡೋ ಮರದ ಮರಿಗೆ ನೇತು ಹಾಕೋ ಮೊಳೆನಾ? ಹೊಡೆದಿದ್ದು ನಾನೇ, ಮದುವೆಯಾದ ವರ್ಷ. ಹುಂಜ ಹಿಡ್ಕೊಂಡ ಹುಡುಗಿ ಇದ್ಲಲ್ಲ, ಅವಳ ತಲೆ ಮೇಲೇ ತೂತು ಮಾಡಿದ್ದೆ. ಅಜ್ಜಿ ಚಪ್ಪಲಿ ತಗೊಂಡು ಬಾವಿ ತನಕ ಅಟ್ಟಿಸಿಕೊಂಡು ಬಂದ್ರು." ಭಾವ ನಕ್ಕ. ಆಮೇಲೆ ನಗು ನಿಂತಿತು. "ಜೆಫೆರೀನೊ ಒಡೆದಿಲ್ಲ ಅನ್ಸುತ್ತೆ ಮಾರಾಯ. ಆದ್ರೆ ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ?"

"ಉಪ್ಪಿನ ಮರಿಗೆ ಈಗ ಎಲ್ಲಿ?"

"ನಿನ್ನ ಹೆಂಡ್ತೀನೇ ತಗೊಂಡು ಹೋದ್ಲು, ಅಡುಗೆಮನೆ ಖಾಲಿ ಮಾಡಿದ ದಿನ."

"ಹೌದು, ತಗೊಂಡೆ" ಎಂದೆ. "ಅದಕ್ಕೂ ಕೇಸ್ ಹಾಕ್ತೀರಾ?"

ಅಬೀಲಿಯೊ ನನ್ನ ಮಾತಿಗೆ ಕಿವಿಗೊಡದೆ ಅಂಗಳಕ್ಕೆ ಹೋದ.

ಜೆಫೆರೀನೊ ಬೋರಲು ಹಾಕಿದ್ದ ಕಬ್ಬಿಣದ ತೊಟ್ಟಿಯ ಮೇಲೆ ಕೂತಿದ್ದ. ಸಿಂಹದ ಪಾದಗಳು ಅವನ ಎರಡೂ ಪಕ್ಕ ಮೇಲಕ್ಕೆ ಚಾಚಿದ್ದವು. ಮುಖ ಕೆಂಪಗೆ ಊದಿತ್ತು.

"ಒಡೆದ್ಯಾ?" ಎಂದೆ ನಾನು, ಅಬೀಲಿಯೊ ಬಾಯಿ ತೆರೆಯುವ ಮೊದಲೇ.

"ಅಮ್ಮ, ನೀವೂ ಹಾಗೇ ಕೇಳ್ತೀರಾ?"

"ಒಡೀತೀನಿ ಅಂತ ಅಂದೆ ತಾನೆ? ನಾಲಿಗೆಗೆ ಬೀಗ ಹಾಕೋಕೆ ಏನಾಗಿತ್ತು ನಿನಗೆ? ವ್ಯಾನಿನ ಗಾಜು ಸಾಲ್ದಾ?"

"ಅಂದೆ. ಸಾವಿರ ಸಲ ಅಂದೆ. ಅಂದೋರೆಲ್ಲ ಮಾಡಿದ್ರೆ ಈ ಊರಲ್ಲಿ ಒಬ್ಬ ಆರ್ಕಿಟೆಕ್ಟೂ ಜೀವಂತ ಇರ್ತಿರ್ಲಿಲ್ಲ."

"ನಿನ್ನೆ ಸಂಜೆ ಎಲ್ಲಿದ್ದೆ?" ಎಂದ ಅಬೀಲಿಯೊ.

"ಮನೇಲಿ. ಜಸಿಂತಾ ಕೆಲಸಕ್ಕೆ ಹೋಗಿದ್ಲು. ಮಗು ನೋಡ್ಕೊಂಡಿದ್ದೆ. ಮಗು ಬಂದು ಸಾಕ್ಷಿ ಹೇಳುತ್ತಾ ಮಾವ?"

"ತೂತು ಬಿದ್ದಿದ್ದ ಟೈಲು ಒಂದಿತ್ತಲ್ಲ. ಏನು ಮಾಡಿದೆ?"

ಜೆಫೆರೀನೊ ಹುಬ್ಬು ಗಂಟಿಕ್ಕಿದ. "ಹುಂಜದ ಹುಡುಗೀದಾ? ಅದನ್ನ ಹಳೇ ಟವೆಲಲ್ಲಿ ಸುತ್ತಿ ಕೊನೇ ಪೆಟ್ಟಿಗೆ ತಳದಲ್ಲಿಟ್ಟಿದ್ದೆ. ತೂತಿಗೆ ಸುಣ್ಣ ತುಂಬಬೇಕಿತ್ತು. ಯಾಕೆ?"

"ಬೆಳಿಗ್ಗೆ ಚೂರು ನೋಡಿದ್ಯಾ?"

"ಹತ್ತಿರ ಬಿಟ್ಟುಕೊಂಡ್ರೆ ತಾನೆ? ಬಂದ ಕೂಡ್ಲೇ ಕತ್ತು ಹಿಡಿದು ಅಂಗಳಕ್ಕೆ ದಬ್ಬಿದ್ರು ಯಜಮಾನಿ ದೋನಾ ಒತೀಲಿಯಾ. ಸಾಕ್ಷಿ ಅಳಿಸ್ತೀನಂತೆ." ಅವನ ದನಿ ಒಡೆಯಿತು. "ಇನ್ನೊಂದು ದೂರು ಬಂದ್ರೆ ನಾನು ಒಳಗೆ. ನನ್ನ ಮಗಳು ಹೆಜ್ಜೆ ಇಡೋದನ್ನ ನಾನು ನೋಡೋದೇ ಇಲ್ಲ. ಅವರಿಗೆ ಗೊತ್ತು ಅದು. ಗೊತ್ತಿದ್ದೂ ಫೋನ್ ಮಾಡಿದ್ರು."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಬೈಯಲು ಬಾಯಿ ತೆರೆದೆ. ಅವನ ಮುಖ ನೋಡಿ, ಬೈಗುಳ ನುಂಗಿ ಒಳಗೆ ನಡೆದೆ.

ಒತೀಲಿಯಾ ಅರ್ಧ ಮುಗಿದ ಬಚ್ಚಲುಮನೆಯಲ್ಲಿದ್ದಳು. ನೆಲಕ್ಕೆ ಹೂಬಳ್ಳಿಯ ಟೈಲ್ಸ್ ಬಿದ್ದಾಗಿತ್ತು, ಕಿಟಕಿಗೆ ಅಮೃತಶಿಲೆಯ ಅಂಚು ಕೂತಿತ್ತು, ಹಿತ್ತಾಳೆ ನಲ್ಲಿಗಳು ಡಬ್ಬಿಯಲ್ಲೇ ಇದ್ದವು. ಗೋಡೆ ಮಾತ್ರ ಬರಿಯ ಇಟ್ಟಿಗೆ. ಅವಳು ಕರವಸ್ತ್ರ ಹಿಡಿದು ಕಿಟಕಿಯ ಅಂಚಿನ ಮೇಲೆ ಕೂತಿದ್ದಳು.

"ಅತ್ತಿಗೆ, ದುಃಖದ ಹೊತ್ತು, ಬೇಜಾರು ಮಾಡ್ಕೋಬೇಡಿ" ಎಂದ ಅಬೀಲಿಯೊ ಬೆಣ್ಣೆಯಂಥ ದನಿಯಲ್ಲಿ. "ಆ ಗೋಡೇಲಿ ನಿಮಗೆ ಯಾವ ಚಿತ್ರ ಇಷ್ಟ ಇತ್ತು?"

"ಬೆಕ್ಕು. ಚಿಕ್ಕಂದಿನಿಂದಲೂ ಬೆಕ್ಕು."

"ಬಾಗಿಲ ಪಕ್ಕದ್ದು?"

"ಜಗಳದ ಹೆಂಗಸ್ರು. ಎಲ್ಲಾ ಗೊತ್ತು ನನಗೆ. ನಲವತ್ತು ವರ್ಷ ಆ ಗೋಡೆ ಎದುರು ಬಾಳಿದ್ದೀನಿ."

"ಒಲೆ ಪಕ್ಕ, ಉಪ್ಪಿನ ಮರಿಗೆ ಹಿಂದೆ?"

"ಮೀನಿನ ಬುಟ್ಟಿ ಹೊತ್ತ ಹುಡುಗಿ. ಪಾಪ, ಅವಳ ಬುಟ್ಟಿ ಚೂರಾಗಿ ಬಿದ್ದಿರೋದನ್ನ ನೋಡಿ ಕರುಳು ಹಿಂಡಿದ ಹಾಗಾಯ್ತು." ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಎಲ್ಲ ನಿನ್ನಿಂದ ಕಣೇ. ಅರ್ಧ ಬೇಕು, ಅರ್ಧ ಬೇಕು ಅಂತ ಪ್ರಾಣ ತಿಂದೆ. ಈಗ ತಗೋ, ಚೂರಲ್ಲಿ ಅರ್ಧ ತಗೊಂಡು ಹೋಗು."

ನನ್ನ ತಲೆಗೆ ರಕ್ತ ಏರಿತು. ಆಡಬಾರದ್ದನ್ನೆಲ್ಲ ಆಡಿದೆ. ಮೀನು ಮಾರುವವರ ಭಾಷೆ ಪುರಸಭೆಯವರಿಗೆ ಅರ್ಥವಾಗದೇ ಇರಬಹುದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆ ರಾದ್ಧಾಂತದಲ್ಲಿ ಅಬೀಲಿಯೊ ಹೊರಗೆ ಹೋದದ್ದು ನನಗೆ ತಿಳಿಯಲಿಲ್ಲ. ಅವನು ಎಲ್ಲರನ್ನೂ ಪೆಟ್ಟಿಗೆಗಳ ಕೋಣೆಗೆ ಕರೆದ.

ನಾವು ಐವರೂ ಬಂದೆವು. ಜೆಫೆರೀನೊನನ್ನು ಒಳಗೆ ಬಿಡಬಾರದೆಂದು ಒತೀಲಿಯಾ ತಡೆದಳು. ಅಬೀಲಿಯೊ ಅವನ ತೋಳು ಹಿಡಿದು ಒಳಗೆ ತಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದ.

"ನೋಡು. ನೀನು ಗೋಡೆಯಿಂದ ಬಿಡಿಸಿದ ಟೈಲ್ಸ್ ಇವೇನಾ?"

ಜೆಫೆರೀನೊ ಬಗ್ಗಿ ಒಂದು ಚೂರು ಎತ್ತಿದ. ಮತ್ತೊಂದು ಎತ್ತಿದ. ಅವನ ಬಾಯಿ ತೆರೆದೇ ಇತ್ತು.

"ಅವನ ಮಾತು ಯಾಕೆ ಕೇಳ್ತೀರಿ?" ಎಂದಳು ಒತೀಲಿಯಾ.

"ಸರಿ, ಬೇಡ. ಅವನ ಮಾತು ಬಿಟ್ಟುಬಿಡೋಣ" ಎಂದ ಅಬೀಲಿಯೊ. ಚೂರುಗಳ ರಾಶಿಯಿಂದ ಮೀನಿನ ಬುಟ್ಟಿಯ ಅರ್ಧ ತೆಗೆದು ಅಂಗೈಯಲ್ಲಿ ಹಿಡಿದ. "ಮೆನಾ, ಬೆಳಿಗ್ಗೆ ನೀನೂ ಇದನ್ನ ನೋಡ್ದೆ. ನಿಮ್ಮಜ್ಜಿ ಗೋಡೇಲಿ ಮೀನಿನ ಬುಟ್ಟಿ ಎಲ್ಲಿತ್ತು?"

ಯೋಚಿಸಿದೆ. ಗೋಡೆಯನ್ನು ಕಣ್ಣ ಮುಂದೆ ತಂದುಕೊಂಡೆ. ಮೇಲಿನ ಸಾಲು, ನಡುವಿನ ಸಾಲು, ಒಲೆಯ ಪಕ್ಕ.

"ಇರ್ಲಿಲ್ಲ" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು. "ಬುಟ್ಟಿ ಇರ್ಲೇ ಇಲ್ಲ."

"ಇರ್ಲಿಲ್ಲ. ಹಾಗಾದ್ರೆ ಇವು ಅಜ್ಜಿಯ ಟೈಲ್ಸ್ ಅಲ್ಲ. ನಕಲು. ಫೋಟೋ ನೋಡಿ ಯಾರೋ ಬರೆದ ನಕಲು. ಚಿತ್ರಗಾರನಿಗೆ ಕೊಟ್ಟ ಫೋಟೋದಲ್ಲಿ ಒಲೆ ಪಕ್ಕ ಉಪ್ಪಿನ ಮರಿಗೆ ನೇತಾಡ್ತಿದ್ದಿರ್ಬೇಕು. ಮರಿಗೆ ಕೆಳಗೆ ಕಾಣ್ತಿದ್ದದ್ದು ಎರಡು ಬರಿಗಾಲು, ಲಂಗದ ಅಂಚು, ಅಷ್ಟೆ. ಪಾಪ ಚಿತ್ರಗಾರ ಏನು ಮಾಡ್ಬೇಕು? ಒವಾರ್‌ನಲ್ಲಿ ಬರಿಗಾಲು, ಲಂಗದ ಅಂಚು ಅಂದ್ರೆ ಮೀನು ಮಾರೋಳೇ. ತಲೆ ಮೇಲೆ ಬುಟ್ಟಿ ಬರೆದ."

ಪಿಮೆಂತಾ ಸೀಟಿ ಹೊಡೆದ.

"ನಿಜವಾದ ಟೈಲಿಗೆ ಮೊಳೆಯ ತೂತು ಇತ್ತು. ಟವೆಲಲ್ಲಿ ಸುತ್ತಿ ಕೊನೇ ಪೆಟ್ಟಿಗೆಯ ತಳದಲ್ಲಿತ್ತು. ತಳದ ತನಕ ಕೈ ಹಾಕ್ದೆ. ಟವೆಲಿನ ದಾರ ಕೂಡ ಇಲ್ಲ. ಒಡೆಯೋಕೆ ಬಂದೋನು ಟವೆಲ್ ಯಾಕೆ ಒಯ್ತಾನೆ? ಅಜ್ಜಿಯ ಟೈಲ್ಸ್ ಯಾರೂ ಒಡೆದಿಲ್ಲ. ಹೊತ್ತುಕೊಂಡು ಹೋಗಿದ್ದಾರೆ. ಒಡೆದು ಹೋಯ್ತು ಅಂದ್ರೆ ಯಾರೂ ಹುಡುಕಲ್ಲ, ಅದಕ್ಕೆ ಈ ನಾಟಕ."

"ಯಾರು?" ಎಂದ ಔರೇಲಿಯೊ. ಕೈಯಲ್ಲಿ ಆಲೂಗಡ್ಡೆ ಹಾಗೇ ಇತ್ತು.

"ಮರಿಗೆ ಗೋಡೆ ಮೇಲಿದ್ದಾಗ ಫೋಟೋ ತೆಗೆದೋರು. ಅಡುಗೆಮನೆ ಖಾಲಿಯಾದ ದಿನ ಮೆನಾ ಮರಿಗೆ ಒಯ್ದಳು. ಆರ್ಕಿಟೆಕ್ಟ್ ಸಾಹೇಬ್ರು ಬಂದಿದ್ದು ಅದಾದ ಮೇಲೆ. ಅವರ ಫೋಟೋದಲ್ಲಿ ಹುಂಜದ ಹುಡುಗಿ ಸ್ಪಷ್ಟವಾಗಿ ಕಾಣ್ತಾಳೆ. ಜೆಫೆರೀನೊ ಬಂದಿದ್ದು ಇನ್ನೂ ಆಮೇಲೆ. ಅವನು ಆ ಟೈಲನ್ನ ಕೈಯಾರೆ ಬಿಡಿಸಿದೋನು. ನಕಲು ಮಾಡಿಸಿದ್ದು ಇವರಿಬ್ಬರಾಗಿದ್ರೆ ಹುಂಜವೇ ಬರ್ತಿತ್ತು, ಬುಟ್ಟಿ ಬರ್ತಿರ್ಲಿಲ್ಲ. ಹಾಗಾದ್ರೆ ಉಳಿದಿದ್ದು ಮನೆಯೋರು. ಔರೇಲಿಯೊ ಆ ಹುಡುಗಿ ತಲೆ ಮೇಲೆ ಮೊಳೆ ಹೊಡೆದು ಚಪ್ಪಲಿ ಏಟು ತಿಂದೋನು, ಅವನಿಗೆ ಅದು ಮರೆಯಲ್ಲ. ಚಿತ್ರಗಾರ ಬುಟ್ಟಿ ಬರೆದಿದ್ರೆ ಆವತ್ತೇ ತಿದ್ದಿಸ್ತಿದ್ದ."

ಅಬೀಲಿಯೊ ನಿಧಾನವಾಗಿ ಒತೀಲಿಯಾಳ ಕಡೆ ತಿರುಗಿದ.

"ಮರಿಗೆ ಹಿಂದೆ ಬುಟ್ಟಿ ಹೊತ್ತ ಹುಡುಗಿ ಇದ್ಲು ಅಂತ ಈ ಮನೇಲಿ ಒಬ್ಬರು ಮಾತ್ರ ಹೇಳಿದ್ರು. ಆ ಹುಡುಗೀನ ಅವರು ಗೋಡೆ ಮೇಲೆ ನೋಡಿಲ್ಲ ಅತ್ತಿಗೆ. ಚಿತ್ರಗಾರನ ಹತ್ತಿರ ನೋಡಿದ್ದು. ನೋಡಿ, ಇದೇ ಸರಿ ಅಂತ ಒಪ್ಪಿಕೊಂಡು ತಂದಿದ್ದು."

ಬುಟ್ಟಿಯ ಮಾತು ನನ್ನ ಕಿವಿಗೂ ಬಿದ್ದಿತ್ತು. ಸಿಟ್ಟು ನೆತ್ತಿಗೇರಿದಾಗ ಕಿವಿ ಇದ್ದೂ ಇಲ್ಲದ ಹಾಗೆ. ಈಗ ಕೇಳಿತು.

ಒತೀಲಿಯಾ ಕರವಸ್ತ್ರವನ್ನು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಎಲ್ಲಿಟ್ಟಿದ್ದೀಯ?" ಎಂದೆ.

"ಬ್ರಾಗಾದಲ್ಲಿ. ಮಗಳ ಮನೇಲಿ" ಎಂದಳು, ನೆಲ ನೋಡುತ್ತ. "ಅವಳೂ ಹಳೇ ಕಾಲದ ಬಚ್ಚಲು ಮಾಡಿಸ್ತಿದ್ದಾಳೆ. ನೀನು ಅಲ್ಲಿಗೆ ಕಾಲಿಡಲ್ಲ. ದಿನಾ ಸ್ವಲ್ಪ ಸ್ವಲ್ಪ ಬಟ್ಟೆ ಬುಟ್ಟೀಲಿ ಕಾರಿಗೆ ಸಾಗಿಸ್ದೆ. ಗೋಡೆ ಒಡೆದು ಅರ್ಧ ಮಾಡೋದಾ? ಪಾದ್ರಿ ಮುಂದೆ ಕೂರಿಸಿ ಒಪ್ಪಿಸಿದ್ರಿ ನನ್ನ. ಅಜ್ಜಿ ಗೋಡೆ ಇಡಿಯಾಗಿ ಇರ್ಬೇಕು ಅಂತ ನನ್ನ ಆಸೆ. ಅವಳನ್ನ ಪ್ರೀತಿಸಿದ್ದು ನಾನು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದ ಬೇಲಿ ಪ್ರೀತಿಯ ಮಾತಾಡುತ್ತಿತ್ತು.

"ಪ್ರೀತಿ?" ಎಂದೆ. "ಆ ಹುಂಜ ಹಿಡಿದ ಹುಡುಗಿ ಯಾರು ಗೊತ್ತಾ ನಿನಗೆ? ಹೇಳು ನೋಡೋಣ. ಮರಿಗೆ ಬರೋ ಮುಂಚೆ ನೋಡಿದ್ದೂ ಮರೆತು ಹೋಯ್ತಾ? ನಲವತ್ತು ವರ್ಷ ಎದುರು ಬಾಳ್ದೆಯಲ್ಲ. ಅಮ್ಮ ಕಣೇ ಅದು. ನಮ್ಮಮ್ಮ. ಹುಡುಗಿಯಾಗಿದ್ದಾಗ ಅಜ್ಜಿ ಬರೆದಿದ್ದು. ಒಂದು ದಿನ, ಒಂದೇ ಒಂದು ದಿನ ಆ ಮರಿಗೆಯಿಂದ ಒಂದು ಚಿಟಿಕೆ ಉಪ್ಪು ತೆಗೆದು, ಮರಿಗೆ ಇಳಿಸಿ ತೊಳೆದಿಟ್ಟಿದ್ರೆ ಗೊತ್ತಾಗ್ತಿತ್ತು. ಹೆತ್ತ ತಾಯಿ ಮುಖ ತಿಳಿಯದೋಳು ಗೋಡೆ ಇಡಿಯಾಗಿ ಬೇಕು ಅಂತಾಳೆ."

ಒತೀಲಿಯಾಳ ಮುಖ ಸುಣ್ಣವಾಯಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಟೈಲ್ಸ್ ಹಾಳಾಗಲಿ, ಬ್ರಾಗಾದಲ್ಲೇ ಕೊಳೆಯಲಿ.

"ಇವನು ಏನು ಮಾಡಿದ್ದ ನಿನಗೆ?" ಎಂದು ಜೆಫೆರೀನೊನನ್ನು ತೋರಿಸಿದೆ.

"ನಾನು ಅವನ ಮೇಲೆ ಹಾಕ್ಬೇಕು ಅಂತ ಇರ್ಲಿಲ್ಲ. ಯಾರೋ ಪುಂಡರು ಅಂತ ಹೇಳೋಣ ಅಂತಿದ್ದೆ. ಅವನೇ ಬಾಯಿ ಬಿಟ್ಟ, ಒಡೀತೀನಿ ಅಂದ. ಅದೇ ಅನುಕೂಲ ಆಯ್ತು. ಆಮೇಲೆ ದೂರು ವಾಪಸ್ ತಗೋತಿದ್ದೆ ಮೆನಾ. ಖಂಡಿತ ತಗೋತಿದ್ದೆ."

"ಯಾವಾಗ? ಅವನು ಒಳಗೆ ಹೋದ ಮೇಲಾ?"

ಬೀದಿ ಬಾಗಿಲು ದಡಾರನೆ ತೆರೆಯಿತು. ಪೊಲೀಸರೇ ಬಂದರು ಎಂದುಕೊಂಡೆ.

ಬಂದವಳು ಜಸಿಂತಾ, ಜೆಫೆರೀನೊನ ಹೆಂಡತಿ. ಸೊಂಟದಲ್ಲಿ ಮಗು, ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಬೇಕರಿಯಲ್ಲಿ ಹಬ್ಬಿದ ಸುದ್ದಿ ಕೇಳಿ ಓಡಿ ಬಂದಿದ್ದಳು. ನಮ್ಮ ಯಾರನ್ನೂ ನೋಡಲಿಲ್ಲ. ಗಂಡನನ್ನೂ ನೋಡಲಿಲ್ಲ. ಸೀದಾ ಒತೀಲಿಯಾಳ ಮುಂದೆ ಹೋಗಿ ನಿಂತಳು.

"ದೋನಾ ಒತೀಲಿಯಾ, ಕೈ ಮುಗೀತೀನಿ. ಅವನದು ಬಾಯಿ ಮಾತ್ರ ಕೆಟ್ಟದ್ದು. ಒಡೆದಿದ್ರೂ ಸಿಟ್ಟಲ್ಲಿ ಒಡೆದಿರ್ತಾನೆ. ದೂರು ಮಾತ್ರ ಕೊಡ್ಬೇಡಿ. ಒಂದು ವರ್ಷ ನಿಮ್ಮ ಮನೆ ನೆಲ ಒರೆಸ್ತೀನಿ, ಒಂದು ಕಾಸು ಕೇಳಲ್ಲ."

ಅಬೀಲಿಯೊ ಬಾಯಿ ತೆರೆಯಹೋದ. ಅವನ ತೋಳನ್ನು ನಾನು ಹಿಡಿದೆ.

"ಹೇಳು" ಎಂದೆ ಅಕ್ಕನಿಗೆ. "ನೀನೇ ಹೇಳು."

"ಮೆನಾ, ದಯವಿಟ್ಟು..."

"ನಾವ್ಯಾರೂ ಹೇಳಲ್ಲ. ಹುಡುಗಿ ನಿನ್ನ ಕೇಳ್ತಿದ್ದಾಳೆ."

ಒತೀಲಿಯಾ ಜಸಿಂತಾಳ ಕಡೆ ನೋಡಲು ಎರಡು ಸಲ ಪ್ರಯತ್ನಿಸಿದಳು. ಕೊನೆಗೆ ಮಗುವಿನ ಕಾಲು ನೋಡುತ್ತ ಹೇಳಿದಳು.

"ನಿನ್ನ ಗಂಡ ಒಡೆದಿಲ್ಲ. ಒಡೆದಿದ್ದು ನಾನು. ಅವನಲ್ಲ ಅಂತ ಗೊತ್ತಿದ್ದೇ ಠಾಣೆಗೆ ಫೋನ್ ಮಾಡ್ದೆ."

ಜಸಿಂತಾ ಮಗುವನ್ನು ಜೆಫೆರೀನೊನ ಕೈಗೆ ಕೊಟ್ಟಳು. ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ನೆಲ ಒರೆಸ್ತೀನಿ ಅಂದೆನಲ್ಲ ದೋನಾ ಒತೀಲಿಯಾ, ಆ ಮಾತನ್ನ ಈಗಲೇ ವಾಪಸ್ ತಗೊಂಡೆ. ನೀವು ಬೇಕರೀಲಿ ಆಡಿದ ಮಾತನ್ನ ಹೇಗೆ ವಾಪಸ್ ತಗೋತೀರೋ ನೋಡ್ಕೊಳ್ಳಿ. ಮಧ್ಯಾಹ್ನಕ್ಕೆ ಅಲ್ಲಿ ಬಾಗಿಲು ಹಾಕ್ತಾರೆ."